ಮೊಣಕೈ ಪಾಠ

ನಮ್ಮ ಹಿರಿಯ ಸೊಸೆ ವಿಶಾಖಪಟ್ಟಣದಲ್ಲಿ ಸ್ಕೂಲು ಟೀಚರು. ಏಳನೆಯ ಕ್ಲಾಸಿಗೆ ಸೋಷಿಯಲ್ ಹೇಳಿಕೊಡುತ್ತಾಳೆ. ಪುಸ್ತಕ ತೆಗೆಯುವ ಮೊದಲು ಸಿನಿಮಾ ತೋರಿಸುತ್ತಾಳೆ, ಹಾಡು ಹಾಡಿಸುತ್ತಾಳೆ. ಅದು ಬೇಡ, ನಿಲ್ಲಿಸಿ ಎಂದು ಕೆಲವು ತಂದೆತಾಯಿಯರು ಹೆಡ್‌ಮಿಸ್ಸಿನ ಹತ್ತಿರ ಹೋಗಿ ಹಟ ಹಿಡಿದರು. ಆ ಪದ್ಧತಿ ಉಳಿಯುತ್ತದೋ ಹೋಗುತ್ತದೋ ಎಂದು ತೀರ್ಮಾನವಾದ ದಿನ ನಾನು ಆ ಕ್ಲಾಸಿನಲ್ಲಿ ಕುಳಿತಿದ್ದೆ. ಅಷ್ಟೇ ಅಲ್ಲ, ನನ್ನಿಂದ ಒಂದು ಅಚಾತುರ್ಯವೂ ಆಯಿತು. ಅದನ್ನು ಮನೆಯವರೆಲ್ಲ ಬೇರೆ ಬೇರೆ ತರಹ ಹೇಳಿಕೊಂಡು ನಗುತ್ತಾರೆ. ಆದದ್ದು ಆದ ಹಾಗೆ ಇರಲಿ ಎಂದು ನಾನೇ ಬರೆಯುತ್ತಿದ್ದೇನೆ.

ನಾನು ಗದಗದ ಕಡೆಯವಳು. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವಳು. ನಮ್ಮಪ್ಪನದು ಪಾತ್ರೆ ವ್ಯಾಪಾರ; ವಿಜಯವಾಡದ ಹಳೇಪೇಟೆ ಒನ್ ಟೌನಿನ ಸಗಟು ಅಂಗಡಿಯವರ ಜೊತೆ ಕೊಡುಕೊಳ್ಳುವುದು ಇತ್ತು. ಕೊಡುತ್ತ ಕೊಳ್ಳುತ್ತ ನನ್ನನ್ನೂ ಅಲ್ಲಿಗೇ ಕೊಟ್ಟರು. ಗಂಡ ಅಷ್ಟಿಷ್ಟು ಕನ್ನಡ ಬಲ್ಲವರು. ಅವರು ಬೆಳಿಗ್ಗೆ ಕೆಳಗಿನ ಅಂಗಡಿಗೆ ಇಳಿದರೆ ಕತ್ತಲಾದ ಮೇಲೆಯೇ ಮನೆಗೆ ಹತ್ತಿ ಬರುತ್ತಿದ್ದರು. ಇಡೀ ದಿನ ನಾನು, ನಮ್ಮ ಅತ್ತೆ. ಅತ್ತೆಗೆ ತೆಲುಗು ಬಿಟ್ಟು ಒಂದು ಅಕ್ಷರ ಬರದು, ನನಗೆ ತೆಲುಗು ಒಂದು ಅಕ್ಷರ ಬರದು. ಉಪ್ಪು ಬೇಕಾದರೆ ಡಬ್ಬಿ ತೋರಿಸುವುದು, ನೀರು ಬೇಕಾದರೆ ಕೊಡ ತೋರಿಸುವುದು. ಇಬ್ಬರೂ ಮೂಗಿಯರ ಹಾಗೆ ಸಂಸಾರ ಮಾಡುತ್ತಿದ್ದೆವು.

ಅತ್ತೆ ಬಲು ಜೋರಿನ ಹೆಂಗಸು. ಸ್ವಲ್ಪ ದಿನ ನೋಡಿದರು. ಆಮೇಲೆ ಒಂದು ಮಧ್ಯಾಹ್ನ ನನ್ನ ಕೈಗೆ ಒಳ್ಳೆಯ ಸೀರೆ ಕೊಟ್ಟು, ಉಡು ಎಂದು ಸನ್ನೆ ಮಾಡಿ, ಮ್ಯಾಟಿನಿಗೆ ಕರೆದುಕೊಂಡು ಹೋದರು. ಹೆಂಗಸರ ಕಡೆಯ ಬೆಂಚಿನಲ್ಲಿ ನನ್ನನ್ನು ಒತ್ತಿ ಕೂರಿಸಿಕೊಂಡರು. ಪರದೆಯ ಮೇಲೆ ರಾಜ, ರಾಣಿ, ಋಷಿ ಏನೇನೋ ಮಾತಾಡಿದರು. ನಾನು ಒಡವೆ ನೋಡುತ್ತಿದ್ದೆ. ಅಷ್ಟರಲ್ಲಿ ಪಕ್ಕೆಗೆ ಮೊಣಕೈಯಿಂದ ಒಂದು ತಿವಿತ.

"ಏಮಯ್ಯಿಂದಿ?"

ಏನಾಯಿತು ಎಂದು ಕೇಳುತ್ತಿದ್ದಾರೆ ಎಂದು ಮುಖ ನೋಡಿ ಗೊತ್ತಾಯಿತು. ನಾನು ಕನ್ನಡದಲ್ಲಿ ಹೇಳಿದೆ: "ರಾಣಿ ಅಳಾಕತ್ತಾಳ." ಅತ್ತೆ ಅದನ್ನೇ ತೆಲುಗಿನಲ್ಲಿ ಹೇಳಿದರು. ನಾನು ತಿರುಗಿ ಹೇಳುವವರೆಗೆ ಮೊಣಕೈ ತೆಗೆಯಲಿಲ್ಲ. ಹೇಳಿದರೆ ಇಂಟರ್‌ವಲ್ಲಿನಲ್ಲಿ ಗೋಲಿ ಸೋಡಾ. ಹೇಳದಿದ್ದರೆ ಅವರೊಬ್ಬರೇ ಕುಡಿಯುವರು, ನಾನು ಗೋಲಿ ಅಲ್ಲಾಡುವುದನ್ನು ನೋಡಬೇಕು. ಮನೆಗೆ ನಡೆದು ಬರುವಾಗ ಕಾಲುವೆಯ ಪಕ್ಕದಲ್ಲಿ ಇಡೀ ಕಥೆಯನ್ನು ನಾನು ಮೊದಲಿಂದ ಹೇಳಬೇಕು. ತಪ್ಪಿದಲ್ಲಿ ನಿಲ್ಲುವರು. ನಾನು ಸರಿ ಹೇಳುವವರೆಗೆ ಹೆಜ್ಜೆ ಕೀಳುವುದಿಲ್ಲ. ಬಿಸಿಲು ಇದೆ, ಕಾಲು ಸುಡುತ್ತದೆ ಎಂದೆಲ್ಲ ಅವರಿಗೆ ಲೆಕ್ಕವಿಲ್ಲ. ವಿಜಯವಾಡದ ಬಿಸಿಲು ಗೊತ್ತಿದ್ದವರಿಗೆ ನಾನು ಎಷ್ಟು ಬೇಗ ತೆಲುಗು ಕಲಿತೆ ಎಂದು ಬೇರೆ ಹೇಳಬೇಕಾಗಿಲ್ಲ.

ಹೀಗೆ ಕಲಿತದ್ದರಿಂದ ಒಂದು ಫಜೀತಿಯೂ ಆಯಿತು. ಅತ್ತೆಗೆ ಇಷ್ಟವಾದದ್ದೆಲ್ಲ ದೇವರ ಸಿನಿಮಾ, ರಾಜರ ಸಿನಿಮಾ. ಹಾಗಾಗಿ ನನ್ನ ಬಾಯಿಗೆ ಬಂದದ್ದೂ ಅರಮನೆಯ ತೆಲುಗು. ಮೊದಲ ಸಲ ಒಬ್ಬಳೇ ತರಕಾರಿಗೆ ಹೋದಾಗ ಬದನೆಕಾಯಿ ಮಾರುವವನಿಗೆ, ರಾಣಿ ದ್ವಾರಪಾಲಕನಿಗೆ ಹೇಳುವ ಹಾಗೆ ಅಪ್ಪಣೆ ಕೊಟ್ಟೆನಂತೆ. ಅವನು ಎದ್ದು ನಿಂತು ಕೈ ಮುಗಿದು, "ಚಿತ್ತ ಮಹಾರಾಣಿ, ಬದನೆಕಾಯಿ ತಮ್ಮ ಪಾದಕ್ಕೆ ಅರ್ಪಿಸಲೋ, ಚೀಲಕ್ಕೆ ಹಾಕಲೋ" ಎಂದ. ಸುತ್ತಲಿನವರೆಲ್ಲ ನಕ್ಕರು. ನಾನು ನಗಲಿಲ್ಲ. ಚೀಲ ಚಾಚಿದೆ. ಇವತ್ತಿಗೂ ಆ ಬೀದಿಯ ಹಳಬರು ನನ್ನನ್ನು ಮಹಾರಾಣಿಗಾರು ಎಂದೇ ಕರೆಯುವುದು. ಬದನೆಕಾಯಿ ಮಾತ್ರ ಒಳ್ಳೆಯದನ್ನೇ ಆರಿಸಿ ಕೊಡುತ್ತಾರೆ.

ಮುಂದೆ ನನ್ನ ಹಿರಿಯ ಮಗ ತೆಲುಗಿನ ಹುಡುಗಿಯನ್ನು ಮದುವೆಯಾದ. ಅವಳು ಬಿ.ಎಡ್. ಓದಿದವಳು. ನಾನೂ ಮಗನೂ ಮಾತಾಡುವ ಕನ್ನಡ ಅವಳಿಗೆ ತಿಳಿಯದು. ಬಂದ ಹೊಸದರಲ್ಲಿ, "ನನ್ನ ಬಗ್ಗೆ ಏನು ಹೇಳುತ್ತಿದ್ದೀರಿ?" ಎಂದು ಗಂಡನನ್ನು ಕೇಳುತ್ತಿದ್ದಳು. ಸಾರಿಗೆ ಉಪ್ಪು ಕಡಿಮೆ ಎಂದದ್ದಕ್ಕೂ ಅವನು ಸುಮ್ಮನೆ, ಅಮ್ಮ ನಿನ್ನನ್ನು ಹೊಗಳಿದಳು ಎನ್ನುತ್ತಿದ್ದ. ಇದು ಸರಿಹೋಗುವುದಿಲ್ಲ ಎನಿಸಿತು ನನಗೆ. ಮಧ್ಯಾಹ್ನ ಟೀವಿಯಲ್ಲಿ ಕನ್ನಡ ಚಾನೆಲ್ಲಿನ ಹಳೆಯ ಸಿನಿಮಾ ಹಾಕಿ ಪಕ್ಕಕ್ಕೆ ಕೂರಿಸಿಕೊಂಡೆ. ಬೇಕಾದ ಜಾಗದಲ್ಲಿ ಮೊಣಕೈ ಹಾಕಿದೆ.

"ಏನಾತು? ಹೇಳ."

ಅವಳು ಬೆಚ್ಚಿಬಿದ್ದಳು. ಓದಿದ ಹುಡುಗಿ, ಅತ್ತೆ ತಿವಿಯುತ್ತಾಳೆ ಎಂದು ಅಂದುಕೊಂಡಿರಲಿಲ್ಲ. ಆಮೇಲೆ ಅವಳೂ ತಿವಿಯುವುದನ್ನು ಕಲಿತಳು. ಈಗ ಅವಳ ಕನ್ನಡ ನನ್ನ ಕನ್ನಡವೇ, ಗದಗದ್ದು. ಆಗಾಗ ಕೊನೆಗೆ ನಮ್ಮ 'ರಿ' ಬದಲು ತೆಲುಗಿನ 'ಅಂಡಿ' ಅಂಟಿಸುತ್ತಾಳೆ, ಅಷ್ಟೇ ವ್ಯತ್ಯಾಸ. ನನ್ನನ್ನು 'ಅತ್ತಿ' ಎನ್ನುತ್ತಾಳೆ.

ಮಗನಿಗೆ ವಿಶಾಖಪಟ್ಟಣದ ಬಂದರಿನಲ್ಲಿ ಕೆಲಸವಾಯಿತು. ಇಬ್ಬರೂ ಅಲ್ಲಿಗೆ ಹೋದರು. ನಾನು ಒನ್ ಟೌನಿನಲ್ಲೇ ಉಳಿದೆ; ಅಂಗಡಿಯನ್ನು ಈಗ ಕಿರಿಯ ಮಗ ನಡೆಸುತ್ತಾನೆ, ನನ್ನ ಗಂಡ ತೀರಿಕೊಂಡಿದ್ದಾರೆ, ನನಗೆ ಪಾತ್ರೆ ಸದ್ದಿಲ್ಲದೆ ನಿದ್ದೆ ಬರುವುದಿಲ್ಲ. ಸೊಸೆಗೆ ಋಷಿಕೊಂಡದ ದಾರಿಯಲ್ಲಿ ಒಂದು ಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಗುಡ್ಡದ ಮೇಲೆ ಗಾಜಿನ ಆಫೀಸುಗಳು, ಕೆಳಗೆ ಸಮುದ್ರದ ದಡದಲ್ಲಿ ಬೆಸ್ತರ ಕೇರಿ, ಮಧ್ಯೆ ಈ ಸ್ಕೂಲು. ಎರಡೂ ಕಡೆಯ ಮಕ್ಕಳು ಬರುತ್ತಾರೆ.

ಒಂದು ಸಲ ಅವಳು ಫೋನು ಮಾಡಿ ಹೇಳಿದಳು: "ಅತ್ತಿ, ನಮ್ಮ ಕ್ಲಾಸಿನ ಹುಡುಗರು ಪಾಠ ಬಾಯಿಪಾಠ ಹೇಳ್ತಾರ್ರಿ. ಹಿಂಗಂದ್ರ ಏನು ಅಂತ ಕೇಳಿದ್ರ ಛಾವಣಿ ನೋಡ್ತಾರ. ಅದಕ್ಕ ನಿಮ್ಮ ಮೊಣಕೈ ತಗೊಂಡು ಹೋಗಿ ಕ್ಲಾಸಿನ್ಯಾಗ ಹಾಕೀನಿ."

"ಹುಡುಗರಿಗೆ ತಿವೀತೀ ಏನು? ಕೇಸ್ ಹಾಕ್ತಾರ ನೋಡು."

"ನಾ ತಿವಿಯೂದಿಲ್ರಿ. ಅವರವರ ತಿವಿತಾರ."

ಆಗ ಬಿಡಿಸಿ ಹೇಳಿದಳು. ಸಣ್ಣ ಸಿನಿಮಾ ಹಾಕುತ್ತಾಳೆ. ಮೊದಲು ಸದ್ದು ತೆಗೆದು ಬರೀ ಚಿತ್ರ. ನಡುವೆ ನಿಲ್ಲಿಸುತ್ತಾಳೆ. ನಿಂತ ಕೂಡಲೇ ಪ್ರತಿ ಬೆಂಚಿನಲ್ಲೂ ಒಂದು ಮಗು ಪಕ್ಕದ ಮಗುವಿಗೆ ಮೊಣಕೈ ತಾಗಿಸಿ 'ಏಮಯ್ಯಿಂದಿ?' ಎನ್ನಬೇಕು. ಪಕ್ಕದವರು ಹೇಳಬೇಕು. ತಪ್ಪಾದರೂ ಪರವಾಗಿಲ್ಲ, ಸುಮ್ಮನಿರುವ ಹಾಗಿಲ್ಲ. ಆಮೇಲೆ ಸದ್ದಿನ ಜೊತೆ ತೋರಿಸುತ್ತಾಳೆ. ಕೊನೆಗೆ ಪುಸ್ತಕ ತೆಗೆಸುತ್ತಾಳೆ. ಅಷ್ಟು ಹೊತ್ತಿಗೆ ಪುಸ್ತಕದಲ್ಲಿ ಏನಿದೆ ಎಂದು ಅವರಿಗೆ ಅರ್ಧ ಗೊತ್ತಿರುತ್ತದೆ, ಆದ್ದರಿಂದ ಓದುತ್ತಾರೆ. ನದಿಗಳ ಹೆಸರಿಗೆ, ಬೆಳೆಗಳ ಹೆಸರಿಗೆ ಮಕ್ಕಳ ಕೈಯಲ್ಲೇ ಹಾಡು ಕಟ್ಟಿಸುತ್ತಾಳೆ. ಪರದೆಗೆ ನನ್ನ ಗಂಡನ ಬಿಳಿ ಪಂಚೆಗಳನ್ನು ಕೇಳಿದಳು. ಕೊಟ್ಟೆ. ಪೆಟ್ಟಿಗೆಯಲ್ಲಿದ್ದರೆ ಜಿರಳೆ ತಿನ್ನುತ್ತಿತ್ತು. ಎರಡನ್ನು ಸೇರಿಸಿ ಹೊಲಿದು, ಅಂಚಿನ ಜರಿ ಕಾಣದ ಹಾಗೆ ಮಡಚಿ, ಗೋಡೆಗೆ ಕಟ್ಟಿದಳು.

ಇದು ಚೆನ್ನಾಗಿ ನಡೆಯುತ್ತಿತ್ತು. ಆದರೆ ಮಕ್ಕಳು ಮನೆಗೆ ಹೋಗಿ, ಇವತ್ತು ಏನು ಪಾಠ ಎಂದರೆ, "ಸಿನಿಮಾ ನೋಡಿದೆವು, ಹಾಡು ಹಾಡಿದೆವು" ಎನ್ನುತ್ತಿದ್ದವು. ಕೇಳಿದವರಿಗೆ ಹೇಗನಿಸಬೇಕು. ಪಕ್ಕದ ಕ್ಲಾಸಿನ ಲೆಕ್ಕದ ಮೇಷ್ಟರು ಗದ್ದಲ ಎಂದು ಮೊದಲೇ ದೂರಿದ್ದರು. ಒಬ್ಬ ತಂದೆ ಮುಂದೆ ನಿಂತ. ಅವನದು ಹಾರ್ಡ್‌ವೇರ್ ಅಂಗಡಿ; ಕಷ್ಟಪಟ್ಟು ಮೇಲೆ ಬಂದವನು, ಮಗಳನ್ನು ಡಾಕ್ಟರು ಮಾಡಬೇಕೆಂದು ಇದ್ದವನು. ನಾಲ್ಕು ಜನರನ್ನು ಸೇರಿಸಿಕೊಂಡು ಹೆಡ್‌ಮಿಸ್ಸಿನ ಮುಂದೆ ಕುಳಿತು ಹೇಳಿದನಂತೆ: "ಸಿನಿಮಾ ನೋಡಲು ಮನೆಯಲ್ಲಿ ಟೀವಿ ಇದೆ. ಹಾಡಲು ಬಚ್ಚಲಮನೆ ಇದೆ. ಸ್ವಿಚ್ಚು ಒತ್ತಿ ಪಕ್ಕದಲ್ಲಿ ನಿಲ್ಲುವುದು ಟೀಚರು ಮಾಡುವ ಕೆಲಸವೇ?"

ಹೆಡ್‌ಮಿಸ್ ಬುದ್ಧಿವಂತೆ. ಇವರನ್ನೂ ಬೈಯಲಿಲ್ಲ, ಅವಳನ್ನೂ ಬೈಯಲಿಲ್ಲ. ಶನಿವಾರ ತಂದೆತಾಯಿಯರ ಮುಂದೆ ಒಂದು ಪಾಠ ಆಗಲಿ, ನೋಡಿ ಅವರಿಗೆ ಬೇಡ ಎನಿಸಿದರೆ ಪ್ರೊಜೆಕ್ಟರು ಸ್ಟೋರ್ ರೂಮಿಗೆ ಹೋಗುತ್ತದೆ, ಟೀಚರು ಎಲ್ಲರಂತೆ ಗೈಡು ಹಿಡಿದು ಪಾಠ ಮಾಡಬೇಕು ಎಂದರು.

ಸೊಸೆ ಫೋನಿನಲ್ಲಿ ಇದನ್ನು ಹೇಳುವಾಗ ಧ್ವನಿ ಸಣ್ಣದಾಗಿತ್ತು. ನಾನು ಮರುದಿನ ಬೆಳಗಿನ ರೈಲಿಗೆ ಹೊರಟೆ. ಕರೆದಿರಲಿಲ್ಲ. ಚೀಲದಲ್ಲಿ ಗೊಂಗುರ ಚಟ್ನಿ, ಜೋಳದ ರೊಟ್ಟಿ.

ಹೋಗಿ ನೋಡಿದರೆ ಮನೆಯಲ್ಲಿ ಊಟದ ಟೇಬಲ್ಲಿನ ಮೇಲೆ ಗೈಡು. ಶನಿವಾರಕ್ಕೆ ಅದರಿಂದ ಓದಿ ಪಾಠ ಮಾಡಿಬಿಡುತ್ತೇನೆ ಎಂದು ಕುಳಿತಿದ್ದಳು.

"ಅವರಿಗೆ ಬೇಕಾದ್ದು ಇದಽ ಅಲ್ರಿ ಅತ್ತಿ. ಅವತ್ತೊಂದು ದಿನ ಇದನ್ನ ತೋರಿಸಿದ್ರ ಸುಮ್ಮನಾಗ್ತಾರ."

"ಸುಮ್ಮನಾಗ್ತಾರ. ಆಮ್ಯಾಲ ಸೋಮವಾರ ನೀ ಪ್ರೊಜೆಕ್ಟರು ಹಚ್ಚಿದ್ರ ಮತ್ತ ಬರ್ತಾರ."

"ಮಕ್ಕಳು ಅವತ್ತ ಬಾಯಿ ಬಿಡದಿದ್ರ? ಅಪ್ಪ ಅವ್ವ ಹಿಂದ ಕುಂತಿರ್ತಾರ. ಅಂಜಿಕಿ ಆಗ್ತೈತಿ ಅವಕ್ಕ."

"ಅಂಜಿಕಿ ಅವಕ್ಕೋ, ನಿನಗೋ?"

ಅವಳು ಗೈಡಿನ ಹಾಳೆ ಮಗುಚಿದಳು. ನನ್ನ ಮಗ ಅಡುಗೆಮನೆಯಿಂದ, "ಅಮ್ಮ, ಬಂದ ಕೂಡಲೇ ಶುರು ಮಾಡಬ್ಯಾಡ" ಎಂದ. ಅವನ ಕಡೆ ನಾನು ತಿರುಗಿ ನೋಡಲಿಲ್ಲ.

"ನೋಡವಾ," ಎಂದೆ, "ಗೈಡು ಓದಬೇಕು ಅನ್ನಿಸಿದ್ರ ಓದು. ನಿನ್ನ ಕೆಲಸ, ನಿನ್ನ ಖುಷಿ. ಆದ್ರ ಇನ್ನ ಮ್ಯಾಲ ಅತ್ತಿ ಮೊಣಕೈ, ಅತ್ತಿ ಮೊಣಕೈ ಅಂತ ಊರ ಮುಂದ ಹೇಳ್ಕೋತ ತಿರುಗಬ್ಯಾಡ. ಅಂಜಿ ಮಡಚಿ ಇಡೂವಂಥಾ ಮೊಣಕೈ ಅಲ್ಲ ಅದು."

ಅವಳು ಗೈಡು ಮುಚ್ಚಲಿಲ್ಲ. ಆದರೆ ಅದರ ಮೇಲೆ ರೊಟ್ಟಿಯ ಡಬ್ಬಿ ಇಟ್ಟಳು. ಉಂಡೆವು.

ಶನಿವಾರ ಬೆಳಿಗ್ಗೆ ಸ್ಕೂಲಿಗೆ ಹೋದೆವು. ಸಮುದ್ರದ ಗಾಳಿಗೆ ಸೀರೆ ಮೈಗಂಟುತ್ತಿತ್ತು. ಕ್ಲಾಸಿನಲ್ಲಿ ಮುಂದೆ ಮಕ್ಕಳು, ಹಿಂದೆ ದೊಡ್ಡವರಿಗೆ ಉದ್ದನೆಯ ಬೆಂಚುಗಳು. ಕಿಟಕಿಗೆ ಕರಿಯ ಬಟ್ಟೆ, ಗೋಡೆಗೆ ನನ್ನ ಗಂಡನ ಪಂಚೆ. ಹೆಡ್‌ಮಿಸ್ ಬಾಗಿಲ ಬಳಿ ಕುರ್ಚಿ ಹಾಕಿಕೊಂಡಿದ್ದರು. ನಾನು ಸೊಸೆಯ ಅತ್ತೆ ಎಂದು ಯಾರಿಗೂ ಹೇಳಲಿಲ್ಲ. ಯಾರದೋ ಅಜ್ಜಿ ಎಂದುಕೊಂಡರು. ಖಾಲಿ ಇದ್ದ ಜಾಗದಲ್ಲಿ ಕುಳಿತೆ. ಪಕ್ಕದಲ್ಲಿ ದಪ್ಪನೆಯ ಗಂಡಸು ಕೈಕಟ್ಟಿ ಕುಳಿತಿದ್ದ. ಆಚೆ ಇನ್ನಿಬ್ಬರು ತಂದೆಯರು. ಈ ದಪ್ಪನೆಯವನೇ ಹಾರ್ಡ್‌ವೇರಿನವನು ಎಂದು ಅವನ ಮಾತು ಕೇಳಿದ ಮೇಲೆ ತಿಳಿಯಿತು. "ಟಿಕೆಟ್ಟು ಹರಿಯಲು ಯಾರೂ ಬರಲಿಲ್ಲವಲ್ಲ" ಎಂದು ಆಚೆಯವನಿಗೆ ಹೇಳಿ ನಕ್ಕ.

ಪಾಠ ದುಡಿಮೆಯ ಬಗ್ಗೆ. ಯಾರು ಯಾವ ಕೆಲಸ ಮಾಡುತ್ತಾರೆ, ಯಾರಿಗೆ ಏನು ಸಿಗುತ್ತದೆ ಎಂಬುದು. ಸೊಸೆಯ ಕೈಯಲ್ಲಿ ಗೈಡು ಇದೆಯೇ ಎಂದು ಮೊದಲು ನೋಡಿದೆ. ಇರಲಿಲ್ಲ. ರಿಮೋಟು ಇತ್ತು.

ಸಿನಿಮಾ ಅವಳೇ ಫೋನಿನಲ್ಲಿ ತೆಗೆದದ್ದು, ಸ್ಕೂಲಿನ ಕೆಳಗಿನ ದಡದಲ್ಲಿ. ದೊಡ್ಡ ಬಲೆಯನ್ನು ದೋಣಿಯಲ್ಲಿ ಒಯ್ದು ಸಮುದ್ರದಲ್ಲಿ ಬಿಟ್ಟು, ಅದರ ಹಗ್ಗವನ್ನು ದಡದಲ್ಲಿ ನಿಂತು ಎಳೆಯುತ್ತಾರೆ. ಗಂಡಸರು, ಹೆಂಗಸರು ಸಾಲಾಗಿ ನಿಂತು ಹಿಮ್ಮಡಿಯನ್ನು ಮರಳಿಗೆ ಊರಿ ಎಳೆಯುವುದು ಕಂಡಿತು. ಸದ್ದಿಲ್ಲ. ಸಾಲಿನ ಪಕ್ಕದಲ್ಲಿ ತಲೆಗೆ ಟವೆಲು ಸುತ್ತಿದ ಒಬ್ಬ ಮುದುಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಹಗ್ಗ ಮುಟ್ಟುತ್ತಿರಲಿಲ್ಲ. ಬಾಯಿ ಆಡಿಸುತ್ತಿದ್ದ, ಆಗಾಗ ಇನ್ನೊಂದು ಕೈ ಎತ್ತುತ್ತಿದ್ದ. ಬಲೆ ಬಂತು. ಮೀನನ್ನು ಮರಳಿನ ಮೇಲೆ ಗುಂಪು ಗುಂಪಾಗಿ ಪಾಲು ಹಾಕಿದರು. ಒಂದು ಗುಂಪನ್ನು ಆ ಮುದುಕನ ಮುಂದೆಯೂ ಹಾಕಿದರು. ಅಲ್ಲಿ ಚಿತ್ರ ನಿಂತಿತು.

ನಿಂತದ್ದೇ ತಡ, ಮುಂದಿನ ಬೆಂಚುಗಳಲ್ಲಿ ಮೊಣಕೈಗಳು ಆಡಿದವು. "ಏಮಯ್ಯಿಂದಿ?" "ಏಮಯ್ಯಿಂದಿ?"

ನನ್ನ ಕೈ ನನ್ನ ಮಾತು ಕೇಳಲಿಲ್ಲ. ಎಷ್ಟೋ ವರ್ಷ ಕತ್ತಲಲ್ಲಿ ಪರದೆಯ ಮುಂದೆ ಕುಳಿತು ಮಾಡಿದ್ದು ಅದೊಂದೇ. ಪಕ್ಕದಲ್ಲಿದ್ದವನ ಪಕ್ಕೆಗೆ ನನ್ನ ಮೊಣಕೈ ಹೋಯಿತು, ಹಗುರವಾಗಿ ಅಲ್ಲ.

"ಏಮಯ್ಯಿಂದಿ? ಚೆಪ್ಪು."

ಏನಾಯಿತು, ಹೇಳು ಎಂದೆ. ಹೇಳಿ ಎಂದು ಸಹ ಅಲ್ಲ. ಅವನು ಬೆಂಚಿನಿಂದ ಬಿದ್ದವನ ಹಾಗೆ ನನ್ನನ್ನು ನೋಡಿದ. ಕೈಕಟ್ಟು ಬಿಚ್ಚಿಹೋಯಿತು. ಆದರೆ ಮೊಣಕೈ ಹಾಕಿ ಕೇಳಿದರೆ ಯಾರೇ ಆಗಲಿ ಉತ್ತರ ಹೇಳುತ್ತಾರೆ, ಇದು ನಾನು ಕಂಡದ್ದು. ಅವನೂ ಹೇಳಿದ. ಅಂಗಡಿಯಲ್ಲಿ ಕೂಗಿ ಕೂಗಿ ಗಟ್ಟಿಯಾದ ಗಂಟಲು. ಇಡೀ ಕ್ಲಾಸಿಗೆ ಕೇಳಿತು.

"ಎಳೆದವರಿಗೆ ಪಾಲು ಕೊಟ್ಟರು. ಆ ಮುದುಕ ಏನೂ ಮಾಡದೆ ನಿಂತಿದ್ದ. ಅವನಿಗೂ ಕೊಟ್ಟರು. ವಯಸ್ಸಾದವನು ಎಂದು ಧರ್ಮಕ್ಕೆ ಕೊಟ್ಟಿರಬೇಕು."

ಮಕ್ಕಳು ಹಿಂದಕ್ಕೆ ತಿರುಗಿ ನೋಡಿದರು. ನನ್ನ ಸೊಸೆಯ ಮುಖ ನೋಡಬೇಕಿತ್ತು. ನನ್ನನ್ನು ನೋಡಿದಳು, ನನ್ನ ಮೊಣಕೈ ನೋಡಿದಳು. ಕೆಲಸ ಹೋಯಿತು ಎಂದುಕೊಂಡಳಂತೆ, ಆಮೇಲೆ ಹೇಳಿದಳು. ಆದರೆ ಕೆಲಸ ಬಲ್ಲವಳು ಅವಳು. ರಿಮೋಟು ಟೇಬಲ್ಲಿನ ಮೇಲಿಟ್ಟು, ಬೋರ್ಡಿನ ಮೇಲೆ 'ಧರ್ಮಕ್ಕೆ' ಎಂದು ಬರೆದಳು.

"ಇದು ಒಂದು ಉತ್ತರ. ಬೇರೆ?"

ಮಕ್ಕಳ ಅಂಜಿಕೆ ಹೋಯಿತು. ದೊಡ್ಡವರೊಬ್ಬರು ಮೊದಲು ಬಾಯಿ ಬಿಟ್ಟರಲ್ಲ. ಬಲೆ ಅವನದೇ ಇರಬೇಕು ಎಂದಿತು ಒಂದು. ಅವನು ಮೇಸ್ತ್ರಿ ಎಂದಿತು ಇನ್ನೊಂದು. "ಬಾಯಿ ಆಡುತ್ತಿದೆ ಟೀಚರ್, ಎಲ್ಲರನ್ನೂ ಬೈಯುತ್ತಿದ್ದಾನೆ, ಬೈದದ್ದಕ್ಕೆ ಪಾಲು" ಎಂದಿತು ಮತ್ತೊಂದು. ಎಲ್ಲರೂ ನಕ್ಕರು. ಕೆಳಗಿನ ಕೇರಿಯ ಮಕ್ಕಳಿಗೆ ನಿಜ ಗೊತ್ತಿತ್ತು, ಕೈ ಎತ್ತಿಕೊಂಡು ಕುಣಿಯುತ್ತಿದ್ದವು. ಸೊಸೆ ಅವರಿಗೆ, ಸ್ವಲ್ಪ ತಡೆಯಿರಿ ಎಂದು ಕಣ್ಣಲ್ಲೇ ಹೇಳಿದಳು. ಎಲ್ಲ ಉತ್ತರವನ್ನೂ ಬೋರ್ಡಿನ ಮೇಲೆ ಬರೆದಳು.

ಆಮೇಲೆ ಅದೇ ಚಿತ್ರವನ್ನು ಸದ್ದಿನ ಜೊತೆ ಹಾಕಿದಳು.

ಮುದುಕ ಹಾಡುತ್ತಿದ್ದ. ಒಡಕು ಗಂಟಲು, ಆದರೆ ಸಮುದ್ರದ ಸದ್ದಿನ ಮೇಲೆ ಏರುವ ಗಂಟಲು. ಅವನು ಒಂದು ಸಾಲು ಹೇಳುವನು, ಎಳೆಯುವವರು ಒಂದೇ ಪದ ತಿರುಗಿ ಹೇಳುವರು. ಆ ಪದದ ಮೇಲೆಯೇ ಎಲ್ಲರ ಹಿಮ್ಮಡಿ ಒಟ್ಟಿಗೆ ಊರುವುದು, ಹಗ್ಗ ಬರುವುದು. ಅವನು ಉಸಿರು ತೆಗೆದುಕೊಂಡರೆ ಇವರಿಗೂ ಉಸಿರು. ಕೇರಿಯ ಮಕ್ಕಳು ಕುಳಿತಲ್ಲೇ ಆ ಪದ ಸೇರಿಸಿ ಹೇಳುತ್ತಿದ್ದವು. ಪಕ್ಕದವನು ಪರದೆಯ ಕಡೆ ಬಗ್ಗಿದ. ನಾನು ಈ ಸಲ ತಿವಿಯಲಿಲ್ಲ.

ಇಷ್ಟಕ್ಕೇ ಮುಗಿಸಿದ್ದರೆ ಅವನು, ಸರಿ, ಚೆನ್ನಾದ ಸಿನಿಮಾ ಎಂದು ಎದ್ದು ಹೋಗುತ್ತಿದ್ದ. ಸೊಸೆ ಟೇಬಲ್ಲಿನ ಕೆಳಗಿನಿಂದ ದಪ್ಪನೆಯ ಹಗ್ಗ ತೆಗೆದಳು. ಅದನ್ನು ತಂದು ನಾವು ಕುಳಿತ ಬೆಂಚಿನ ಕಾಲಿಗೆ ಕಟ್ಟಿದಳು. ಇನ್ನೊಂದು ತುದಿಯನ್ನು ಮಕ್ಕಳ ಕೈಗೆ ಕೊಟ್ಟಳು.

"ಅತ್ತಿ, ನೀವು ಇಳೀರಿ," ಎಂದಳು ಮೆಲ್ಲಗೆ.

"ನಾ ಯಾಕ ಇಳೀಲಿ. ಎಳೀರಿ."

ಅವಳು 'ಅತ್ತಿ' ಎಂದದ್ದು ಪಕ್ಕದವನ ಕಿವಿಗೆ ಬಿತ್ತು. ನನ್ನನ್ನು ಇನ್ನೊಂದು ಸಲ ನೋಡಿದ.

ಮೊದಲು ಹಾಡಿಲ್ಲದೆ ಎಳೆಯಿರಿ ಎಂದಳು. ಮಕ್ಕಳು ಒಬ್ಬರು ಈಗ, ಒಬ್ಬರು ಆಗ ಎಳೆದರು. ಮುಖ ಕೆಂಪಾದವು. ಬೆಂಚು ಕಿರ್ ಎಂದಿತು, ಕದಲಲಿಲ್ಲ. ನಾವು ನಾಲ್ವರೂ ಮೈ ತುಂಬಿದವರೇ. ಪಕ್ಕದವನಿಗೆ ಸ್ವಲ್ಪ ಖುಷಿಯಾಯಿತು. "ನಿಮ್ಮ ಕೈಲಿ ಆಗುತ್ತದೇನ್ರೋ" ಎಂದ.

"ಈಗ ಹಾಡಿನ ಜೊತೆ," ಎಂದಳು ಸೊಸೆ. "ಯಾರು ಹಾಡುತ್ತೀರಿ?"

ಮೂರನೆಯ ಬೆಂಚಿನಿಂದ ಒಂದು ಹುಡುಗಿ ಎದ್ದಳು. ಎರಡು ಜಡೆ, ಇಸ್ತ್ರಿ ಮಡಿಕೆ ಮುರಿಯದ ಯೂನಿಫಾರಂ. ಹಗ್ಗದ ಪಕ್ಕದಲ್ಲಿ ಬಂದು ನಿಂತಳು. ಮುಟ್ಟಲಿಲ್ಲ. ನನ್ನ ಪಕ್ಕದವನ ಮೈ ಬಿಗಿಯಾದದ್ದು ನನಗೆ ಬೆಂಚಿನಲ್ಲೇ ತಿಳಿಯಿತು. ಅವನ ಮಗಳು.

ಹುಡುಗಿ ಅಪ್ಪನ ಕಡೆ ನೋಡದೆ ಹಾಡಿದಳು. ದಡದವರ ಹಾಡಲ್ಲ, ಬೆಳೆಗಳ ಹೆಸರಿಗೆ ಅವರು ಕ್ಲಾಸಿನಲ್ಲೇ ಕಟ್ಟಿಕೊಂಡ ಹಾಡನ್ನು ಆಗಷ್ಟೇ ಕೇಳಿದ ಆ ಮುದುಕನ ಧಾಟಿಗೆ ಹಾಕಿದ್ದಳು. ಅವಳು ಒಂದು ಸಾಲು, ಉಳಿದವರು ಒಂದು ಪದ. ಮೊದಲ ಪದಕ್ಕೆ ಬೆಂಚು ಅಲ್ಲಾಡಿತು. ಮುಂದಿನದಕ್ಕೆ ಜರುಗಿತು. ಆಮೇಲೆ ನಿಲ್ಲಲೇ ಇಲ್ಲ. ನೆಲ ಕೆರೆಯುತ್ತ, ನಮ್ಮ ನಾಲ್ವರನ್ನೂ ಹೊತ್ತುಕೊಂಡು ಹೆಡ್‌ಮಿಸ್ಸಿನ ಕುರ್ಚಿಯ ಕಡೆ ಹೊರಟಿತು. ಹೆಡ್‌ಮಿಸ್ ಕಾಲು ಮೇಲೆತ್ತಿಕೊಂಡರು. ಹಾರ್ಡ್‌ವೇರಿನವನು ಒಂದು ಕೈಯಿಂದ ಬೆಂಚು, ಇನ್ನೊಂದು ಕೈಯಿಂದ ನನ್ನ ತೋಳು ಹಿಡಿದುಕೊಂಡಿದ್ದ.

ಬೆಂಚು ನಿಂತ ಮೇಲೆ ಸೊಸೆ ಮಕ್ಕಳನ್ನು ಕೇಳಿದಳು: "ಈಗ ಪಾಲು ಹಾಕೋಣ. ಹಾಡಿದವಳು ಹಗ್ಗ ಮುಟ್ಟಲಿಲ್ಲ. ಪಾಲು ಕೊಡಬೇಕೋ, ಬೇಡವೋ?"

ಕ್ಲಾಸಿನ ಕಣ್ಣೆಲ್ಲ ಹಾರ್ಡ್‌ವೇರಿನವನ ಮೇಲೆ. ಹುಡುಗಿ ಈಗ ಅಪ್ಪನನ್ನು ನೋಡಿದಳು, ಜಡೆಯ ತುದಿ ಕೈಯಲ್ಲಿ ತಿರುಚುತ್ತ. ಅವನು ಉತ್ತರ ಹೇಳುವ ಮೊದಲು ಬೋರ್ಡಿನ ಮೇಲಿದ್ದ ತನ್ನ ಮಾತನ್ನು ಓದಿಕೊಂಡ.

"ಕೊಡಬೇಕು," ಎಂದ.

"ಧರ್ಮಕ್ಕಾ ನಾನ್ನಾ?" ಎಂದಳು ಮಗಳು. ಅಪ್ಪ ಎಂದು.

"ಕೂಲಿ. ಕೂಲಿ ಕೊಡಬೇಕು. ಅವಳು ಹಾಡದಿದ್ದರೆ ಈ ಬೆಂಚು ಬರುತ್ತಿರಲಿಲ್ಲ." ಆಮೇಲೆ ತನ್ನ ಮರ್ಯಾದೆಗೆ ಇರಲಿ ಎಂದೋ ಏನೋ, "ಆದರೆ ಪುಸ್ತಕ? ಪರೀಕ್ಷೆಯಲ್ಲಿ ಬೆಂಚು ಎಳೆಯಲು ಕೇಳುವುದಿಲ್ಲವಲ್ಲ" ಎಂದ.

"ಪುಸ್ತಕ ತೆಗೆಯಿರಿ," ಎಂದಳು ಸೊಸೆ ಮಕ್ಕಳಿಗೆ. ಅವನಿಗೆ, "ನೀವೇ ಒಂದು ಪುಟ ಹೇಳಿ, ಯಾರನ್ನು ಬೇಕಾದರೂ ಕೇಳಿ" ಎಂದಳು.

ಅವನು ಮಗಳನ್ನು ಕೇಳಲಿಲ್ಲ. ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದ ಒಂದು ಮಗುವನ್ನು ಆರಿಸಿದ. ಜಾಣನೇ. ಆ ಮಗು ತಡವರಿಸಿಕೊಂಡು ಓದಿತು, ಚೆನ್ನಾಗೇನೂ ಓದಲಿಲ್ಲ. ಆದರೆ ಏನರ್ಥ ಎಂದು ಕೇಳಿದಾಗ ಪುಸ್ತಕ ಮುಚ್ಚಿ, ಬಲೆಯವರ ಕಥೆಯಿಂದಲೇ ಹಿಡಿದು, ದೋಣಿ ಕಟ್ಟುವವನು, ಐಸು ತರುವವನು, ಬುಟ್ಟಿ ಹೊರುವ ತನ್ನ ತಾಯಿ, ಎಲ್ಲರ ಕೆಲಸವನ್ನೂ ಹೇಳಿತು. ಆ ತಾಯಿ ಹಿಂದೆ ಗೋಡೆಗೆ ಒರಗಿ ನಿಂತಿದ್ದಳು. ಬೆಂಚಿನ ಮೇಲೆ ಜಾಗವಿದ್ದರೂ ಕುಳಿತಿರಲಿಲ್ಲ. ಹಾರ್ಡ್‌ವೇರಿನವನು ತಲೆಯಾಡಿಸಿದ.

ಹೆಡ್‌ಮಿಸ್ ಎದ್ದು ನಿಂತು ತಂದೆತಾಯಿಯರನ್ನು ಕೇಳಿದರು. ಪ್ರೊಜೆಕ್ಟರು ಸ್ಟೋರ್ ರೂಮಿಗೆ ಹೋಗಲಿ ಎಂದು ಒಬ್ಬರೂ ಹೇಳಲಿಲ್ಲ. ಲೆಕ್ಕದ ಮೇಷ್ಟರು ಮಾತ್ರ ಬಾಗಿಲಲ್ಲಿ ನಿಂತು, ಬೆಂಚು ಎಳೆಯುವ ಪಾಠ ಇನ್ನು ಮುಂದೆ ಬಯಲಿನಲ್ಲಿ ಆಗಲಿ ಎಂದರು. ಅದು ನ್ಯಾಯವೇ.

ಹೊರಗೆ ಬಂದಾಗ ಹಾರ್ಡ್‌ವೇರಿನವನು ನನ್ನ ಹತ್ತಿರ ಬಂದ. ಪಕ್ಕೆ ಉಜ್ಜಿಕೊಳ್ಳುತ್ತಿದ್ದ.

"ಅಮ್ಮಗಾರೂ, ಟೀಚರಿಗೆ ಅತ್ತೆಯಾ ನೀವು?"

"ಹೌದು."

"ನಿಮ್ಮ ಮೊಣಕೈ ಬಹಳ ಗಟ್ಟಿ ಇದೆ."

"ನಮ್ಮ ಅತ್ತೆಯದು ಇನ್ನೂ ಗಟ್ಟಿ ಇತ್ತು," ಎಂದೆ. ಅವನಿಗೆ ತಿಳಿಯಲಿಲ್ಲ. ತಿಳಿಸುವಷ್ಟು ಹೊತ್ತು ನನಗೂ ಇರಲಿಲ್ಲ; ಆಟೋ ನಿಂತಿತ್ತು.

ನನಗೆ ಹೆಮ್ಮೆ ಇದೆ. ಮುಚ್ಚಿಟ್ಟುಕೊಳ್ಳಲು ಅದೇನು ಕಜ್ಜಿಯಲ್ಲ. ಸೊಸೆಯ ಮೇಲೆ ಹೆಮ್ಮೆ ಇದೆ, ಒನ್ ಟೌನಿನ ಆ ಜೋರಿನ ಹೆಂಗಸಿನ ಮೇಲೂ ಇದೆ. ಅವರು ಸ್ಕೂಲಿನ ಬಾಗಿಲು ನೋಡಿದವರಲ್ಲ. ನೋಡಿದ್ದರೂ ಒಳಗೆ ಹೋಗಿ ಬೆಂಚು ಎಳೆಸುವುದು ಅವರಿಂದ ಆಗುತ್ತಿರಲಿಲ್ಲ. ಅದಕ್ಕೆ ಓದಿದವಳೇ ಬೇಕಿತ್ತು. ತಿವಿತ ನಮ್ಮದು, ಹಗ್ಗ ಅವಳದು.

ಮನೆಗೆ ಬಂದು ಕಾಲು ತೊಳೆದು ಕುಳಿತೆ. ಸೊಸೆ ಚಹಾದ ಲೋಟ ತಂದಳು. ಕೊಡುತ್ತಾಳೆ ಎಂದು ಕೈ ಚಾಚಿದೆ. ಕೊಡಲಿಲ್ಲ. ಪಕ್ಕದಲ್ಲಿ ಕುಳಿತು ಲೋಟವನ್ನು ಆಚೆ ಇಟ್ಟುಕೊಂಡು, ನನ್ನ ಪಕ್ಕೆಗೆ ಮೊಣಕೈ ಹಾಕಿದಳು.

"ಏನಾತು? ಹೇಳ್ರಿ ಅತ್ತಿ."

"ನೀನಽ ಇದ್ದೆಲ್ಲ ಅಲ್ಲೆ."

"ನಾ ಪಾಠ ಮಾಡಾಕತ್ತಿದ್ನಿ. ನೋಡಿದವರು ನೀವು."

ಹೇಳಿದೆ. ಟಿಕೆಟ್ಟಿನ ಮಾತಿನಿಂದ ಹಿಡಿದು, ನನ್ನ ಮೊಣಕೈ ಪಕ್ಕದವನಿಗೆ ಹೋದದ್ದು, ಹೆಡ್‌ಮಿಸ್ ಕಾಲೆತ್ತಿದ್ದು, ಆ ಮಗುವಿನ ತಾಯಿ ಗೋಡೆ ಬಿಟ್ಟು ಬಂದು ಕೊನೆಗೆ ಬೆಂಚಿನ ಮೇಲೆ ಕುಳಿತದ್ದು. ಅದನ್ನು ಸೊಸೆ ನೋಡಿರಲಿಲ್ಲ. "ಕುಂತಳೇನ್ರಿ?" ಎಂದು ಕೇಳಿದಳು. ಕುಂತಳು ಎಂದೆ. ಇನ್ನೊಂದು ಸಲ ಮೊದಲಿಂದ ಹೇಳಿಸಿದಳು. ಆಮೇಲೆ ಲೋಟ ಕೈಗೆ ಕೊಟ್ಟಳು. ಚಹಾ ಆರಿತ್ತು. ಕುಡಿದೆ.